ತನಿಗೆ ಬೋಂಡಾ ಬಿಡುವ ಹೊತ್ತು

ನಮ್ಮಪ್ಪನದು ಸಭಾ ಕ್ಯಾಂಟೀನು. ಚೆನ್ನೈಯಲ್ಲಿ ಸಂಗೀತದ ಸೀಸನ್ ಬಂತೆಂದರೆ ಸಂಗೀತ ಕಚೇರಿ ನಡೆಸುವ ಸಭೆಯ ಹಿತ್ತಲಲ್ಲಿ ಚಪ್ಪರ ಹಾಕಿ, ಬೆಳಿಗ್ಗೆಯಿಂದ ರಾತ್ರಿಯವರೆಗೆ ತಿಂಡಿ, ಊಟ, ಕಾಫಿ ಕೊಡುವ ಕೆಲಸ. ಉಡುಪಿ ಕಡೆಯಿಂದ ಬಂದ ಅಜ್ಜ ಯಾರದೋ ಹೋಟೆಲಿನಲ್ಲಿ ಎಲೆ ಎತ್ತುತ್ತ ಶುರುಮಾಡಿದ ಸಂಸಾರವನ್ನು ಅಪ್ಪ ಚಪ್ಪರದವರೆಗೆ ತಂದರು. ನಾನು ಅದನ್ನು ಡ್ರಮ್ಸ್‌ವರೆಗೆ ತಂದೆ ಎಂದು ಅಮ್ಮ ನೆಂಟರಿಗೆ ಹೇಳುತ್ತಾಳೆ. ಹೊಗಳಿಕೆಯೋ ದೂರೋ ಎಂದು ನೆಂಟರು ಕೇಳುವುದಿಲ್ಲ, ಅವರಿಗೆ ಗೊತ್ತು.

ಕಚೇರಿಯ ಅಭ್ಯಾಸ ಇಲ್ಲದವರಿಗೆ ಒಂದು ಸಂಗತಿ ಹೇಳಬೇಕು. ಕಚೇರಿಯ ನಡುವೆ ಹಾಡುವವರು ಸುಮ್ಮನಾಗಿ ಮೃದಂಗದವರಿಗೆ ಜಾಗ ಬಿಡುತ್ತಾರೆ. ಅವರೊಬ್ಬರೇ ನುಡಿಸುವ ಆ ಭಾಗಕ್ಕೆ ತನಿ ಎನ್ನುತ್ತಾರೆ. ಈ ಊರಿನಲ್ಲಿ ತನಿ ಶುರುವಾಯಿತೆಂದರೆ ಜನ ಎದ್ದು ಕ್ಯಾಂಟೀನಿಗೆ ಹೋಗುತ್ತಾರೆ. ಇದನ್ನು ಯಾರೂ ಅವಮಾನ ಎಂದು ತಿಳಿದಿಲ್ಲ. ಮೃದಂಗದವರು ಕೂಡ ತಾಳ ಹಾಕುತ್ತಾ ಉಳಿದ ನಾಲ್ಕು ತಲೆಗಳನ್ನು ನೋಡಿಕೊಂಡು ನುಡಿಸಿ ಮುಗಿಸುತ್ತಾರೆ.

ಅಪ್ಪ ಗಡಿಯಾರ ನೋಡಿ ಬೋಂಡಾ ಕರಿದವರಲ್ಲ. ಕಚೇರಿ ನಡೆಯುವ ಹಾಲಿನ ಹಿಂಬಾಗಿಲಿಗೆ ಕಿವಿಕೊಟ್ಟು ನಿಂತಿರುತ್ತಾರೆ. ಹಾಡು ನಿಂತು ಮೃದಂಗ ಒಂಟಿಯಾದದ್ದೇ ತಡ, "ಬಿಡು!" ಎನ್ನುತ್ತಾರೆ. ಬಾಣಲೆಗೆ ಬೋಂಡಾ ಬೀಳುತ್ತದೆ. ಜನ ಬಂದು ಎಲೆಚೂರು ಹಿಡಿಯುವ ಹೊತ್ತಿಗೆ ಸರಿಯಾಗಿ ಕೆಂಪಾಗಿರುತ್ತದೆ. ಊರಿನ ಎಲ್ಲ ಮೃದಂಗದವರ ತನಿಯಿಂದ ನಮ್ಮ ಮನೆ ನಡೆದಿದೆ, ಒಂದನ್ನೂ ಅಪ್ಪ ಕೇಳಿಲ್ಲ.

ಇಂಥವರ ಮಗಳಾಗಿ ನಾನು ಮೃದಂಗ ಕಲಿತೆ. ಪಾತ್ರೆ, ಡಬ್ಬ, ತಮ್ಮನ ಬೆನ್ನು ಎಲ್ಲವನ್ನೂ ಬಡಿಯುತ್ತಿದ್ದೆನಂತೆ, ಮನೆಯ ಸಾಮಾನು ಉಳಿಯಲಿ ಎಂದು ಕ್ಲಾಸಿಗೆ ಹಾಕಿದರು. ಮುಂದೆ ಸಣ್ಣಪುಟ್ಟ ಕಚೇರಿಗೆ ನುಡಿಸತೊಡಗಿದೆ. ನನ್ನ ತನಿ ಬಂದಾಗ ಅಪ್ಪನಿಗೆ ಮೈತುಂಬ ಕೆಲಸ. ಮನೆಗೆ ಬಂದ ಮೇಲೆ ಕೇಳುತ್ತಿದ್ದರು, "ಹೇಗಾಯ್ತು ಮಗಾ?"

"ಕೂಟವೆಲ್ಲ ನಿಮ್ಮತ್ರ ಇತ್ತಲ್ಲಪ್ಪ, ನೀವೇ ಹೇಳಿ."

ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಒಂದೇ ಒಂದು ಸಲ ನಮ್ಮಪ್ಪ ಕೂತು ನನ್ನ ತನಿಯನ್ನು ಕೊನೆತನಕ ಕೇಳಬೇಕು ಎಂಬುದು ನನ್ನ ಆಸೆಯಾಗಿತ್ತು. ಇದಕ್ಕಿಂತ ದೊಡ್ಡ ಆಸೆ ಇದ್ದಿದ್ದರೆ ಹೊಟ್ಟೆ ಅಷ್ಟು ಉರಿಯುತ್ತಿರಲಿಲ್ಲವೋ ಏನೋ.

ಕಾಲೇಜಿನಲ್ಲಿ ಡ್ರಮ್ಸ್ ಹಿಡಿದೆ, ಬ್ಯಾಂಡ್ ಸೇರಿದೆ. ನಾವು ನುಡಿಸುವುದಕ್ಕೆ ಪ್ರೊಗ್ರೆಸಿವ್ ರಾಕ್ ಎನ್ನುತ್ತಾರೆ. ಒಂದೊಂದು ಹಾಡು ಒಂದು ಇಡ್ಲಿ ಬೇಯುವಷ್ಟು ಹೊತ್ತು. ಮಧ್ಯೆ ತಾಳಕ್ಕೆ ಏಳರ ಲೆಕ್ಕ, ಹನ್ನೊಂದರ ಲೆಕ್ಕ, ಮತ್ತೆ ಏಳು. ಅಪ್ಪನಿಗೆ ಒಂದು ದಿನ ಫೋನಿನಲ್ಲಿ ಕೇಳಿಸಿದೆ. ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿ, "ಹಾಡುವವರು ಯಾರು?" ಎಂದರು.

"ಇದರಲ್ಲಿ ಯಾರೂ ಹಾಡಲ್ಲಪ್ಪ."

"ಎಂತಕ್ಕೆ, ಜ್ವರವಾ?"

ನಮ್ಮ ಹಾಡುಗಳನ್ನು ಹೊರತರಲು ಒಂದು ಮ್ಯೂಸಿಕ್ ಲೇಬಲ್ ಸಿಕ್ಕಿತು. ಲೇಬಲ್ ಎಂದರೆ ಪೋರೂರಿನ ಒಂದು ಮಲಗುವ ಕೋಣೆ, ಲೆಕ್ಕಪರಿಶೋಧನೆಯ ಕೆಲಸ ಬಿಟ್ಟುಬಂದ ಒಬ್ಬ ಹುಡುಗ, ಸದ್ದು ತಡೆಯಲು ಗೋಡೆ ತುಂಬ ಅಂಟಿಸಿದ ಮೊಟ್ಟೆಯ ಟ್ರೇಗಳು. ಅಮ್ಮ ಒಮ್ಮೆ ಬಂದವಳು ಆ ಗೋಡೆಗಳನ್ನು ನೋಡಿ ಇಲ್ಲಿ ನೀರು ಕೂಡ ಕುಡಿಯುವುದಿಲ್ಲ ಎಂದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವಂತೆ, ಈ ಹುಡುಗ ತನ್ನ ಲೇಬಲಿನ ಕಲಾವಿದರದ್ದೆಲ್ಲ ಒಂದೇ ಸಂಜೆ ಪ್ರದರ್ಶನ ಇಡುತ್ತೇನೆ, ಅಲ್ಲೇ ರೆಕಾರ್ಡ್ ಮಾಡಿ ಆಲ್ಬಂ ತರುತ್ತೇನೆ ಎಂದು ಹೊರಟ. ಪಬ್ಬಿನವರು ಇಷ್ಟುದ್ದದ ಹಾಡುಗಳಿಗೆ ಜಾಗವಿಲ್ಲ ಎಂದರು. ಕೊನೆಗೆ ಸಿಕ್ಕಿದ್ದು ಸೀಸನ್ ಇಲ್ಲದೆ ಖಾಲಿ ಬಿದ್ದಿದ್ದ ಒಂದು ಸಭೆಯ ಹಾಲು. ಹಾಲನ್ನು ಬಾಡಿಗೆಗೆ ಹಿಡಿದವರು ಕ್ಯಾಂಟೀನನ್ನೂ ಹಿಡಿಯಬೇಕೆಂಬುದು ಅಲ್ಲಿನ ಕಟ್ಟಳೆ. ಕ್ಯಾಂಟೀನು ನಮ್ಮಪ್ಪನದೇ.

ನನಗೆ ತಲೆ ಕೆಟ್ಟಿತು. ಕೊನೆಯ ಹಾಡಿನಲ್ಲಿ ಎಲ್ಲರೂ ವೇದಿಕೆಯಿಂದ ಇಳಿದು ಹೋಗಿ ನಾನೊಬ್ಬಳೇ ನುಡಿಸುವ ಉದ್ದದ ಭಾಗವಿತ್ತು. ಅಪ್ಪನನ್ನು ಕೂರಿಸಿಕೊಂಡು ನೇರವಾಗಿ ಹೇಳಿದೆ, "ಅವತ್ತು ಕ್ಯಾಂಟೀನ್ ಬೇರೆಯವರು ನೋಡ್ಕೊಳ್ಳಲಿ. ನೀವು ಮುಂದಿನ ಸಾಲಲ್ಲಿ ಕೂರಬೇಕು. ನಾನು ಒಬ್ಬಳೇ ನುಡಿಸುವಾಗ ಏಳಬಾರದು."

"ಏಳುದೆಂತಕ್ಕೆ ಮಾರಾಯ್ತಿ? ನಾನೇನು ಚಿಕ್ಕ ಮಗುವಾ?"

ಅಡುಗೆಯ ಅಣ್ಣನಿಗೆ ಅವರೇ ತಾಕೀತು ಮಾಡಿದರು. ಅವನು ನಮ್ಮ ಊರಿನವನೇ, ಅಪ್ಪನ ಜೊತೆ ಮೊದಲಿನಿಂದ ಇರುವವನು. ಮಗಳ ತನಿ ಮುಗಿಯುವ ತನಕ ಒಲೆ ಹಚ್ಚಬಾರದು, ಕರಿದ ವಾಸನೆ ಹಾಲಿನೊಳಗೆ ಹೋಗಬಾರದು, ಹೋದರೆ ಜನ ಏಳುತ್ತಾರೆ ಎಂದರು. ಅಣ್ಣ ತಲೆಯಾಡಿಸಿದ. ಎಲ್ಲ ಸರಿಯಾಗಿತ್ತು.

ಆ ಸಂಜೆ ಹಾಲಿನ ಹಿಂದಿನ ಅರ್ಧ ಕಪ್ಪು ಟೀ ಶರ್ಟಿನ ಹುಡುಗರು. ಮುಂದಿನ ಅರ್ಧ ಅಪ್ಪ ಕರೆದುಕೊಂಡು ಬಂದವರು: ಸೀಸನ್ನಿನ ಖಾಯಂ ಕೇಳುಗರಾದ ವಯಸ್ಸಾದ ಮಾಮಾ ಮಾಮಿಯರು, ರೇಷ್ಮೆ ಸೀರೆ, ಮಡಿಲಲ್ಲಿ ಶಾಲು. ಮೊದಲು ಬಂದ ಗಿಟಾರಿನವನ ಬೆರಳು ಕಾಣದಷ್ಟು ವೇಗ, ಮುಖದಲ್ಲಿ ಹಲ್ಲುನೋವು. ಒಬ್ಬ ಮಾಮಿ ಪಕ್ಕದವರ ಹತ್ತಿರ, "ಪಾವಂ, ಪಾಪದ ಹುಡುಗ, ಬೇಗ ಮುಗಿಸಿ ಮನೆಗೆ ಹೋಗಬೇಕು ಅಂತ ಕಾಣುತ್ತೆ" ಎಂದರಂತೆ. ಆಮೇಲೆ ಪಿಟೀಲಿಗೆ ವೈರು ಸಿಕ್ಕಿಸಿಕೊಂಡು ಕಾಲಲ್ಲಿ ಗುಂಡಿ ಒತ್ತುತ್ತ ನುಡಿಸುವವಳು ಬಂದಳು. ಅವಳು ಹಿಡಿದ ರಾಗ ಮಾಮಾಗಳಿಗೆ ಗುರುತು ಸಿಕ್ಕಿ, ತಾಳ ಹಾಕಲು ಹೋಗಿ, ಏಳಕ್ಕೂ ಎಂಟಕ್ಕೂ ಹೊಂದದೆ ಒಬ್ಬರನ್ನೊಬ್ಬರು ಸಂಶಯದಿಂದ ನೋಡಿಕೊಂಡರು. ಅಪ್ಪ ಮೊದಲ ಸಾಲಿನ ನಡುವೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೀಗರ ಮನೆಯಲ್ಲಿ ಕೂತ ಹಾಗೆ ಕೂತಿದ್ದರು.

ನಮ್ಮ ಸರದಿ ಕೊನೆಯದು. ಹಾಡು ಏರಿತು, ಇಳಿಯಿತು, ಎಲ್ಲರೂ ಒಂದೇ ಪೆಟ್ಟಿಗೆ ನಿಲ್ಲಿಸಿ ವೇದಿಕೆಯಿಂದ ಇಳಿದರು. ನಾನೊಬ್ಬಳೇ ಉಳಿದೆ. ಕೋಲು ಎತ್ತಿ ಮೆಲ್ಲಗೆ ಶುರುಮಾಡಿದೆ.

ಅಪ್ಪ ಎದ್ದು ನಿಂತರು.

ಪಂಚೆ ಮೇಲಕ್ಕೆ ಕಟ್ಟಿದರು. ಎಡಬಲ ನೋಡಲಿಲ್ಲ, ನೇರ ಹಿಂಬಾಗಿಲಿಗೆ ಹೊರಟರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಅದನ್ನು ನಾನು ಡ್ರಮ್ಸ್ ಹಿಂದೆ ಕೂತು ಕಣ್ಣಾರೆ ಕಂಡೆ. ಕ್ಯಾಂಟೀನಿನ ಯಜಮಾನನೇ ಎದ್ದನೆಂದರೆ ಬೋಂಡಾ ರೆಡಿ ಎಂದಲ್ಲವೇ? ಮಾಮಾ ಮಾಮಿಯರು ಶಾಲು ಹೊದ್ದು ಎದ್ದರು. ಕಬ್ಬಿಣದ ಕುರ್ಚಿಗಳು ಕಿರ್ರೋ ಎಂದವು. ಇದೂ ಈ ಸಂಗೀತದ ಪದ್ಧತಿ ಇರಬೇಕು ಎಂದುಕೊಂಡು ಕಪ್ಪು ಟೀ ಶರ್ಟಿನವರೂ ಹಿಂದೆ ಹೋದರು. ಲೇಬಲಿನ ಹುಡುಗ ರೆಕಾರ್ಡಿಂಗ್ ಯಂತ್ರದ ಮುಂದೆ ಎರಡೂ ಕೈ ತಲೆಯ ಮೇಲಿಟ್ಟು ಕೂತ.

ನಿಲ್ಲಿಸಲಿಲ್ಲ. ಬಾರಿಸಿದೆ. ಆ ಹೊತ್ತಿಗೆ ನಾನು ಬಾರಿಸುತ್ತಿದ್ದದ್ದು ಡ್ರಮ್ ಅಲ್ಲ, ನಮ್ಮಪ್ಪನನ್ನು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಎರಡೂ ಕೈಯಲ್ಲಿ ಕೋಲು, ಒರೆಸಿಕೊಳ್ಳಲು ದಾರಿಯಿಲ್ಲ. ಇಷ್ಟು ಹೇಳಿ, ಇಷ್ಟು ಬೇಡಿ, ಮತ್ತೆ ಇದೇನಾ ಅನಿಸಿತು.

ಹಿಂದೆ ನಡೆದದ್ದನ್ನು ಅಡುಗೆಯ ಅಣ್ಣ ಆಮೇಲೆ ಹೇಳಿದ. ಅಪ್ಪ ದಡದಡ ಬಂದವರು ತಣ್ಣಗಿದ್ದ ಎಣ್ಣೆ ನೋಡಿ ಕೂಗಾಡಿದರಂತೆ, "ಎಂತ ಮಾಡ್ತಾ ಇದ್ದಿ ನೀನು? ತನಿ ಶುರುವಾಯ್ತಲ್ಲ, ಬಿಡು ಬೋಂಡಾ!"

"ನೀವೇ ಹೇಳಿದ್ದಲ್ವಾ, ಮಗಳ ತನಿಗೆ ಒಲೆ ಹಚ್ಬೇಡ ಅಂತ?"

ಅಪ್ಪ ತಿರುಗಿ ನೋಡಿದರೆ ಹಾಲಿನಲ್ಲಿದ್ದ ಜನರೆಲ್ಲ ಅವರ ಬೆನ್ನಿಗೆ ಬಂದು ನಿಂತು ಕಾಫಿಗೆ ಕೈ ಚಾಚಿದ್ದರು. ಅಪ್ಪನ ಮುಖ ಬಿಳಿಚಿತು ಎಂದು ಅಣ್ಣ ಹೇಳಿದ.

ನನಗೆ ಕಂಡದ್ದು ಇದರ ಮುಂದಿನದು. ಹಿಂಬಾಗಿಲು ತೆರೆಯಿತು. ಮಾಮಾ ಮಾಮಿಯರು ಗೊಣಗುತ್ತ ಒಳಗೆ ಬಂದರು, ಹುಡುಗರು ಬಂದರು, ಎಲ್ಲರ ಹಿಂದೆ ಬೋಂಡಾ ಎತ್ತುವ ತೂತಿನ ಸೌಟು ಹಿಡಿದು ನಮ್ಮಪ್ಪ. "ಕಾಪಿ ಕಿಡೆಯಾದು! ಉಳ್ಳೆ ಪೋಂಗೋ! ಎಲ್ಲಾರುಂ ಉಕ್ಕಾರುಂಗೋ!" ಕಾಫಿ ಇಲ್ಲ, ಒಳಗೆ ನಡೆಯಿರಿ, ಎಲ್ಲ ಕೂತುಕೊಳ್ಳಿ ಎಂದು ದನ ಹಟ್ಟಿಗೆ ಕೂಡುವ ಹಾಗೆ ಕೂಡಿದರು. ಬಂದ ಜನರಿಗೆ ಇಲ್ಲ ಎಂದ ಮಾತು ಆ ಬಾಯಿಂದ ನಾನು ಅದುವರೆಗೆ ಕೇಳಿರಲಿಲ್ಲ.

ಅಪ್ಪ ತಮ್ಮ ಕುರ್ಚಿಗೆ ಬಂದು ಕೂತ ಹೊತ್ತಿಗೆ ನನ್ನ ಭಾಗ ಮುಗಿಯಲು ಬಂದಿತ್ತು. ನಮ್ಮ ಬ್ಯಾಂಡಿನ ಗಿಟಾರಿನವನು ಮೊದಲೇ ಮಾತಾಡಿಕೊಂಡ ಹಾಗೆ ವೇದಿಕೆಗೆ ಹತ್ತಿದ. ಬೇಡ ಎಂದು ತಲೆ ಅಲ್ಲಾಡಿಸಿದೆ. ಅವನು ಬಾಯಿ ಬಿಟ್ಟುಕೊಂಡು ಅಲ್ಲೇ ನಿಂತ. ನಾನು ಮೊದಲಿನಿಂದ ಶುರುಮಾಡಿದೆ. ಮೆಲ್ಲಗೆ, ಮತ್ತೆ ಏಳಕ್ಕೆ, ಮತ್ತೆ ಹನ್ನೊಂದಕ್ಕೆ. ಮೃದಂಗದಲ್ಲಿ ಕಲಿತದ್ದನ್ನೆಲ್ಲ ಅದರೊಳಗೆ ಸುರಿದೆ. ಮುಕ್ತಾಯವನ್ನು ಮೂರು ಸಲ ತಂದು, ಮೂರನೆಯದನ್ನು ಎಲ್ಲಿ ಕೂರಬೇಕೋ ಅಲ್ಲಿಗೆ ತಂದು ಕೂರಿಸಿದೆ. ಅಪ್ಪ ಆ ಸೌಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದರು. ಏಳಲಿಲ್ಲ.

ಆಮೇಲೆ ಲೇಬಲಿನ ಹುಡುಗ ಬಂದು ನನ್ನ ತನಿ ಆಲ್ಬಮ್ಮಿಗೆ ಹಾಕಲು ಬರುವುದಿಲ್ಲ ಎಂದ. ಅರ್ಧ ಕುರ್ಚಿ ಸದ್ದು, ನಡುವೆ ನಿಮ್ಮಪ್ಪನ ಬೊಬ್ಬೆ, ಮಿಕ್ಕದ್ದಕ್ಕೆ ಮಾಮಾಗಳ ಹೊಟ್ಟೆ ಗುಡುಗುಡು ಎಂದ. ಹಾಕಬೇಡ ಎಂದೆ. ಬೇಜಾರಾಗಲಿಲ್ಲ ಎಂದರೆ ಸುಳ್ಳಾದೀತು.

ಕ್ಯಾಂಟೀನಿಗೆ ಹೋದಾಗ ಎಣ್ಣೆ ಕಾದಿತ್ತು. ಅಪ್ಪ ಬೋಂಡಾ ಎತ್ತಿ ಬಡಿಸಿದರು, ಜನ ತಿಂದರು, ಬೈದುಕೊಂಡೇ ಎರಡನೇ ಸಲ ಹಾಕಿಸಿಕೊಂಡರು. ನಾನು ಒಂದು ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತೆ. ನೂಕುನುಗ್ಗಲು ಕಡಿಮೆಯಾದ ಮೇಲೆ ಅಪ್ಪ ಕೈ ಒರೆಸಿಕೊಳ್ಳುತ್ತ ಬಂದು ಎದುರಿಗೆ ನಿಂತರು. ಕ್ಷಮೆ ಕೇಳುತ್ತಾರೆ ಎಂದುಕೊಂಡೆ.

"ಅದು ಹಾಗೆ ಮುಗೀತದಾ?" ಎಂದರು. "ಆ ಮೂರು ಸಲ ಬಂದು ಟಪ್ ಅಂತ ಕೂರುದು. ನಂಗೆ ಶುರುವಾಗುದು ಮಾತ್ರ ಗೊತ್ತಿತ್ತು."

"ಹೌದಪ್ಪ."

"ಯಾವಾಗ್ಲೂ ಅದೇ ನಮೂನೆ ಮುಗೀತದಾ?"

"ಇಲ್ಲಪ್ಪ. ಒಂದೊಂದು ಸಲ ಒಂದೊಂದು ಥರ. ಒಮ್ಮೆ ನುಡಿಸಿದ್ದು ಇನ್ನೊಮ್ಮೆ ಬರಲ್ಲ."

ಅಪ್ಪ ಬಾಣಲೆಯ ಕಡೆ ನೋಡಿದರು. ಒಲೆ ಆರಿಸು ಎಂದು ಅಣ್ಣನಿಗೆ ಸನ್ನೆ ಮಾಡಿದರು.

"ಹಾಗಾದ್ರೆ ನೀನು ಸಣ್ಣವಳಿದ್ದಾಗ ಬಾರಿಸಿದ್ದೆಲ್ಲ ನಂಗೆ ಹೋಯ್ತಲ್ಲ ಮಗಾ."

ಹೋಯಿತು ಎಂದೆ. ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.