ಕಿವಿಗೆ ಹಿಡಿದು ಕಾಯಿ ನೋಡುತ್ತಿದ್ದ ಅತ್ತೆ

ನನ್ನ ಅತ್ತೆಯ ಎಡಗಿವಿಯ ಮೇಲಿನ ಕೂದಲಲ್ಲಿ ಯಾವಾಗಲೂ ತೆಂಗಿನ ನಾರಿನ ಚೂರು ಸಿಕ್ಕಿಕೊಂಡಿರುತ್ತಿತ್ತು. ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿಯನ್ನು ಆ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ನೀರು ಉಳಿದಿದ್ದರೆ ಗುಳಗುಳ, ಕೊಬ್ಬರಿಯಾಗಿ ಚಿಪ್ಪು ಬಿಟ್ಟಿದ್ದರೆ ಲೊಡಲೊಡ. ಹಾಲ್ಕುರಿಕೆ ಪಕ್ಕದ ನಮ್ಮ ಹನ್ನೆರಡು ಅಂಕಣದ, ಸಾಲು ಕಂಬಗಳ ಮನೆಯನ್ನು ಬಿಡುವ ಹಿಂದಿನ ದಿನವೂ ಜಗಲಿಯಲ್ಲಿ ಕೂತು ಅದನ್ನೇ ಮಾಡುತ್ತಿದ್ದರು.

ಕಾಯಿ ಇಳಿಸಲು ಬಂದಿದ್ದ ಆಳು, “ಅಜ್ಜಿ, ಎಲ್ಲಾ ಕಿವೀಲೇ ನೋಡ್ತೀರಲ್ಲ, ಕಣ್ಣು ಯಾಕಿಟ್ಕಂಡಿದ್ದೀರಿ?” ಅಂದ.

“ನಿನ್ ತಲೆ ಕೊಡ್ಲಾ ಇಲ್ಲಿ, ಅಲ್ಲಾಡ್ಸಿ ನೋಡ್ತೀನಿ. ಒಳಗೇನೂ ಇರಾಕಿಲ್ಲ ಬುಡು.”

ನಾನೂ ನಕ್ಕೆ.

ನನ್ನ ಯಜಮಾನರು ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ನಾವಿಬ್ಬರೇ. ನನಗೂ ಅರವತ್ತು ಹತ್ತಿರ. ಗುಡಿಸಿ ಸಾರಿಸುವುದಕ್ಕೇ ದಿನ ಸಾಲುತ್ತಿರಲಿಲ್ಲ. ತಿಪಟೂರಿನಲ್ಲಿ ಎರಡು ಕೋಣೆಯ ಮನೆ ನೋಡಿ ಬಂದು, “ಮೆಟ್ಟಿಲಿಲ್ಲ, ಕಂಬ ಅಡ್ಡ ಇಲ್ಲ, ನಿಮಗೆ ಸಲೀಸು” ಅಂದೆ. ಅವರು ಪಕ್ಕದ ಕಂಬ ಸವರುತ್ತಾ, “ಇಲ್ಲಾದ್ರೆ ಕಂಬ ಅವೆ ಕಣೇ” ಅಂದರು. ಹಳೇ ಮನೆಯ ಮೇಲಿನ ಆಸೆ ಅಂದುಕೊಂಡೆ.

ಹೊಸ ಮನೆಗೆ ಹೋದ ಮೂರನೇ ದಿನ ಸೊಪ್ಪು ತರಲು ಹೊರಗೆ ಹೋಗಿದ್ದೆ. ಬಂದು ನೋಡಿದರೆ ಅತ್ತೆ ನಡುಕೋಣೆಯಲ್ಲಿ ಎರಡೂ ಕೈ ಚಾಚಿ ನಿಂತಿದ್ದಾರೆ. ಸೀರೆ ಒದ್ದೆಯಾಗಿತ್ತು. ಮುಖ ನನ್ನ ಕಡೆಗೇ ಇತ್ತು.

“ಯಾರು?”

“ನಾನು ಅತ್ತೆ.”

“ನಾನೆಲ್ಲಿದ್ದೀನಿ ಕಣೇ? ಗೋಡೆ ಸಿಗ್ತಿಲ್ಲ.”

ಗೋಡೆ ಎರಡು ಹೆಜ್ಜೆ ಆಚೆಗಿತ್ತು. ಹತ್ತಿರ ಹೋಗಲು ನನಗೇ ಭಯವಾಯಿತು. ಹಳೇ ಮನೆಯಲ್ಲಿ ಇವರು ಒಲೆ ಹಚ್ಚಿದ್ದರು, ಲೋಟಕ್ಕೆ ಮಜ್ಜಿಗೆ ಬಗ್ಗಿಸಿದ್ದರು, ಒಂದು ಹನಿ ಚೆಲ್ಲಿರಲಿಲ್ಲ. ಕಂಬದಿಂದ ಕಂಬಕ್ಕೆ ನಡೆಯುತ್ತಿದ್ದರೆಂದು ಜೊತೆಗೇ ಇದ್ದ ನನಗೆ ಗೊತ್ತಾಗಿರಲಿಲ್ಲ.

ಸೀರೆ ಬದಲಾಯಿಸುತ್ತಾ, “ಕಣ್ಣು ಕಾಣಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?” ಅಂದೆ.

“ಹೇಳಿದ್ರೆ ಒಲೆ ಹತ್ರ ಬುಡ್ತಿದ್ಯಾ? ಮೂಲೇಲಿ ಕೂರಿಸ್ಬುಡ್ತಿದ್ದೆ.”

ನಿಜ, ಹಾಗೇ ಮಾಡುತ್ತಿದ್ದೆ.

ಡಾಕ್ಟರು ಇನ್ನು ಏನೂ ಮಾಡುವ ಹಾಗಿಲ್ಲ ಅಂದರು. ಮಂಚದಿಂದ ಬಚ್ಚಲಿನವರೆಗೆ ಗೋಡೆಗುಂಟ ನಾರಿನ ಹಗ್ಗ ಕಟ್ಟಿದೆ. ಅವರು ಹಗ್ಗ ಹಿಡಿದು ಎರಡು ಹೆಜ್ಜೆ ಇಟ್ಟು ನಿಂತುಬಿಡುತ್ತಿದ್ದರು. ಮುಂದೆ ಗುಂಡಿ ಇದೆಯೇನೋ ಎಂಬಂತೆ ಕಾಲುಬೆರಳಿಂದ ನೆಲ ತಡಕುತ್ತಿದ್ದರು. ಅಂಗಡಿಗೆ ಹೊರಟವಳು ಅರ್ಧ ದಾರಿಯಿಂದ ಎಷ್ಟೋ ಸಲ ವಾಪಸು ಓಡಿ ಬಂದಿದ್ದೇನೆ.

ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಕತ್ತಲೆ ಅಟ್ಟ ಅಂದರೆ ನಡುಕ. ಅತ್ತೆ ಯಾರಿಗೂ ಹೇಳಲಿಲ್ಲ, ನಗಲೂ ಇಲ್ಲ. “ನನ್ ಸೆರಗು ಹಿಡ್ಕಂಡು ಬಾ” ಅಂದು ಮುಂದೆ ಹತ್ತಿದರು. ಆ ಭಯ ಹೋಗುವವರೆಗೆ ದಿನಾ ಹಾಗೇ ಕರೆದುಕೊಂಡು ಹೋದರು. ಅಂಥವರನ್ನು ಸಲೀಸಾಗಲಿ ಅಂತ ನಾನು ಕತ್ತಲಲ್ಲಿ ತಂದು ನಿಲ್ಲಿಸಿದೆ.

ನಾಲ್ಕು ತಿಂಗಳಿಗೆ ಜ್ವರ ಬಂದು ತೀರಿಹೋದರು. ಆ ನಾಲ್ಕು ತಿಂಗಳೂ ಗೇಟು ತೆಗೆದ ಸದ್ದಾದರೆ ಸಾಕು, ಒಳಗಿನಿಂದ ಹೆದರಿದ ದನಿಯಲ್ಲಿ “ಯಾರು?” ಅನ್ನುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ “ನಾನು ಅತ್ತೆ” ಅನ್ನುತ್ತಿದ್ದೆ.

ಈಗ ಕೇಳುವವರಿಲ್ಲ.