ಟೋಪಿ ತುಂಬ ಗೂಡು

ಸುಳ್ಳು ಅಂತೀರಾ? ಅನ್ನಿ. ನಮ್ಮ ಬಾವಿಯ ಆಮೆ ಎಲೆಕ್ಷನ್ ದಿನ ಉಗುರಿಗೆ ಮಸಿ ಹಾಕಿಸಿಕೊಂಡು ಬಂದಿತ್ತು ಅಂದವನು ನಾನೇ. ಅದು ಸುಳ್ಳು. ಆದರೆ ಕೃಷ್ಣಪ್ಪನ ರೇಷ್ಮೆ ಗೂಡನ್ನು ಯಾರೂ ಕದ್ದಿಲ್ಲ ಅನ್ನುವುದು ನಿಜ. ನಾನು ಪಕ್ಕದಲ್ಲೇ ಇದ್ದೆ.

ಕೃಷ್ಣಪ್ಪ ನಮ್ಮೂರಿನವನೇ, ಕೆಂಗಲ್ ಹತ್ತಿರದ ರೇಷ್ಮೆ ಬೆಳೆಗಾರ. ಯಾವುದನ್ನೂ ಸುಮ್ಮನೆ ನಂಬುವ ಆಸಾಮಿಯಲ್ಲ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಹುಳ ಸದ್ದು ಮಾಡಿದರೆ ಮಾತ್ರ ಒಳ್ಳೆಯದು ಅನ್ನುವವನು. ಹೆಣ್ಣು ನೋಡಲು ಹೋದಾಗ ತಟ್ಟೆಯಲ್ಲಿದ್ದ ಲಾಡನ್ನೂ ಅಲ್ಲಾಡಿಸಿ ನೋಡಿದ್ದ.

ಹೋದ ಚುನಾವಣೆಗೆ ಮುಂಚೆ ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಅವನ ಚೀಲ ಹರಿದು ಗೂಡೆಲ್ಲ ಚೆಲ್ಲಿತು. ನಜೀರ್ ಓಡಿ ಬಂದ. ಗೂಡಿನಿಂದ ನೂಲು ತೆಗೆಯುವ ಕಸುಬಿನವನು, ಇಪ್ಪತ್ತು ವರ್ಷದಿಂದ ಕೃಷ್ಣಪ್ಪನ ಗೂಡು ಕೊಳ್ಳುವವನು. ಕೈಗೆ ಏನೂ ಸಿಗದೆ ತಲೆಯ ಟೋಪಿ ತೆಗೆದು ಅದಕ್ಕೇ ಆಯ್ದು ತುಂಬಿ, ಬೇರೆ ಚೀಲಕ್ಕೆ ಸುರಿದ. ಯಾರೋ ಟೋಪಿಗೆ ತುಂಬಿದ್ದನ್ನು ಮಾತ್ರ ಮೊಬೈಲಿನಲ್ಲಿ ವಿಡಿಯೋ ಹಿಡಿದರು, ಚೀಲಕ್ಕೆ ಸುರಿದದ್ದನ್ನು ಬಿಟ್ಟರು. ಸಂಜೆಯೊಳಗೆ ಅದು ‘ರೈತನ ಲೂಟಿ’ ಅಂತ ಊರೂರು ಸುತ್ತಿತು.

ಮೊದಲ ದಿನ ಕೃಷ್ಣಪ್ಪನೇ ಬೈದ. “ಯಾವನ್ಲಾ ಅವ್ನು, ಲೂಟಿ ಅಂದೋನು? ನಜೀರಣ್ಣ ಆಯ್ದು ಕೊಟ್ಟ ಕಣ್ರಲಾ!”

“ಪಾಪ, ಹೆದ್ರಿಸವ್ರೆ. ಅದ್ಕೇ ಹಿಂಗಂತಾನೆ” ಅಂದರು ಜನ. ಪಕ್ಷದವರು ಬಂದು ಹಾರ ಹಾಕಿದರು. ಟೀ ಅಂಗಡಿಯಲ್ಲಿ ಎದ್ದು ಜಾಗ ಕೊಟ್ಟರು. ಅರವತ್ತು ವರ್ಷದಲ್ಲಿ ಯಾರೂ ಅವನನ್ನು ಪಾಪ ಅಂದಿರಲಿಲ್ಲ. ವಾರದೊಳಗೆ ಅವನೇ ಶುರು ಮಾಡಿದ. “ಗೂಡು ಒಸಿ ಕಮ್ಮಿಯಾದಂಗಿತ್ತು ಕಣ್ಲಾ.”

“ಲೇ, ನೀನೇ ಇದ್ದಲ್ಲಾ ಅಲ್ಲಿ!” ಅಂದೆ.

“ಇದ್ದೆ. ನಾನು ಬಗ್ಗಿ ಆಯ್ತಿದ್ದೆ. ಈಡಿಯೋ ಮ್ಯಾಲಿಂದ ನೋಡೈತೆ.”

ನಜೀರ್ ಕೃಷ್ಣಪ್ಪನ ಮನೆಗೇ ಬಂದ. “ಕೃಷ್ಣಣ್ಣ, ನೀನೊಂದು ಮಾತು ಹೇಳು, ಸಾಕು. ಯಾರೂ ನಂಗೆ ಗೂಡು ಕೊಡ್ತಿಲ್ಲ.”

ಕೃಷ್ಣಪ್ಪ ಅವನ ಮುಖ ನೋಡಲಿಲ್ಲ. “ನೀನು ಸುರ್ದಿದ್ದು ಕಂಡೆ ಕಣಪ್ಪ. ಟೋಪೀಲಿ ಉಳ್ದಿದ್ದು ಯಾವನು ಕಂಡೋನು?”

ನಜೀರ್ ನೂಲು ತೆಗೆಯುವ ಒಲೆ ಆರಿಸಿದ. ಈಗ ಹಾರೋಹಳ್ಳಿಯಲ್ಲಿ ಯಾವುದೋ ಫ್ಯಾಕ್ಟರಿಯ ಗೇಟು ಕಾಯುತ್ತಾನೆ. ತಲೆಯ ಮೇಲೆ ವಾಚ್‌ಮನ್ ಟೋಪಿ. ನಾವೆಲ್ಲ ಸೇರಿ ಹಾಕಿದ್ದು.

ನಾನು ಬಸ್ಸಿನಲ್ಲಿ, ಕಟ್ಟೆಯ ಮೇಲೆ, ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಆಮೆ ಕಥೆನೇ ಚೆಂದಾಗಿತ್ತು, ತಾತ” ಅಂದರು. ನೋಡಿ, ನೀವೂ ನಗ್ತಿದ್ದೀರಿ.

“ತಾತ, ಮುದ್ದೆ ಆರೋಯ್ತದೆ, ಬಾ!” ಒಳಗಿಂದ ಮೊಮ್ಮಗಳು ಧನುಶ್ರೀ ಕೂಗುತ್ತಿದ್ದಾಳೆ. “ಆ ನಜೀರನ ಕಥೆನಾ ಇವ್ರಿಗೂ ಬುಡ್ತಿದ್ದೀಯಾ?”

ಬಂದೆ ಕಣವ್ವ.