ಒಂದು ಮಂಚ, ಎರಡು ರಗ್ಗು

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಏಳು. ಆಗಲೇ ಬೆವರು. ಪಾಸ್‌ಪೋರ್ಟ್ ಇದೆಯೆಂದು ನಾಲ್ಕನೇ ಸಲ ಮುಟ್ಟಿ ನೋಡಿಕೊಂಡು ಎಂಆರ್‌ಟಿ ರೈಲು ಹತ್ತಿದೆ. ನಾಯಕನಟ ವಿಭಾಕರ ಅವರ ಹೆಂಡತಿ, ಸ್ವೀಡನ್ನಿನ ಮಾಡೆಲ್ ಮತ್ತು ನಟಿ ಕರಿನ್ ಅವರ ಜೀವನಕಥೆ ಬರೆಯುವ ಕೆಲಸ ನನ್ನದು. ಇಬ್ಬರೂ ಬೇರೆಯಾಗಿದ್ದಾರೆಂಬ ಗುಸುಗುಸು ಬೆಂಗಳೂರಿನಲ್ಲಿ ಹಬ್ಬಿತ್ತು. ಅದನ್ನು ಅಲ್ಲಗಳೆಯಲೆಂದೇ ಅವರು ಪುಸ್ತಕಕ್ಕೆ ಒಪ್ಪಿದ್ದರು. ಸುಳ್ಳೇ ಆದರೆ ಪುಸ್ತಕ ಯಾಕೆ ಎಂಬುದು ನನ್ನ ಅನುಮಾನ.

ತಂಜಾಂಗ್ ಪಗಾರಿನಲ್ಲಿ ಅವರ ಕಾಂಡೋ, ಇಪ್ಪತ್ತೆರಡನೇ ಮಹಡಿ. ಲಿಫ್ಟಿನಲ್ಲಿ ಕಿವಿ ಕಟ್ಟಿಕೊಂಡಿತು. ನಾನು ನಾಡಿ ಹಿಡಿದು ನೋಡಿಕೊಂಡೆ. ಕರಿನ್ ಬಾಗಿಲು ತೆರೆದು, ಮೈಸೂರಿನ ಅತ್ತೆಯಿಂದ ಕಲಿತ ಕನ್ನಡದಲ್ಲಿ, “ಬನ್ನಿ ಸಾರ್, ಕಾಫಿ ಆಗಿದೆ” ಎಂದರು.

“ವಿಭಾಕರ್ ಸಾರ್ ಇಲ್ವಾ?”

“ಶೂಟಿಂಗು. ನಾಳಿದ್ದು ಬರ್ತಾರೆ.”

ನನ್ನ ವಿಮಾನ ನಾಳೆ ಸಂಜೆಗೆ. ಇದನ್ನೂ ಗುರುತು ಹಾಕಿಕೊಂಡೆ.

ಅಂದು ಅವರು ಬಿಡುವಿಲ್ಲದೆ ಹೇಳಿದರು: ಹದಿನೇಳಕ್ಕೆ ಉಣ್ಣೆ ಟೋಪಿಗಳ ಮಾಡೆಲ್ ಆದದ್ದು, ಮೂರು ಚಿತ್ರಗಳಲ್ಲಿ ಮೊದಲರ್ಧದಲ್ಲೇ ಕೊಲೆಯಾದದ್ದು, ಹಿಮದಲ್ಲಿ ತೆಳು ಅಂಗಿ ತೊಟ್ಟು ಹಾಡಿಗೆ ಕುಣಿಯಲು ಬಂದ ವಿಭಾಕರರಿಗೆ ತಮ್ಮ ಕೋಟು ಕೊಟ್ಟದ್ದು. ಕೇಳಲು ಚೆನ್ನಾಗಿತ್ತು. ತೀರಾ ಚೆನ್ನಾಗಿತ್ತು.

ಮರುದಿನ ಹಳೆಯ ಫೋಟೋ ತೋರಿಸಲು ಮಲಗುವ ಕೋಣೆಗೆ ಕರೆದರು. ಒಂದು ಮಂಚ. ಮೇಲೆ ಬೇರೆ ಬೇರೆಯಾಗಿ ಮಡಿಸಿಟ್ಟ ಎರಡು ಹೊದಿಕೆ. ನಾನು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಪ್ರಕಾಶಕರಿಗೆ ಪಿಸುದನಿಯಲ್ಲಿ ವಾಯ್ಸ್ ಮೆಸೇಜ್ ಕಳಿಸಿದೆ: “ಸುದ್ದಿ ನಿಜ ಸಾರ್. ರಗ್ಗೇ ಬೇರೆ ಆಗಿದೆ.”

ಮಧ್ಯಾಹ್ನ ತಿಂಡಿ ಅಂಗಡಿಗಳು ಸಾಲಾಗಿದ್ದ ಹಾಕರ್ ಸೆಂಟರಿನಲ್ಲಿ ದೋಸೆ ಪಕ್ಕಕ್ಕೆ ಸರಿಸಿದೆ. ಎರಡು ರಗ್ಗು ಯಾಕೆಂದು ಕೇಳಿಯೇಬಿಟ್ಟೆ.

ಕರಿನ್ ಚಮಚ ಕೆಳಗಿಟ್ಟರು. “ನಮ್ಮೂರಲ್ಲಿ ಎಲ್ಲಾ ಗಂಡ ಹೆಂಡ್ತೀರ್ದೂ ಎರಡೇ ಸಾರ್. ನಮ್ಮಜ್ಜ ಅಜ್ಜಿ ಐವತ್ತು ವರ್ಷ ಹಂಗೇ ಮಲಗಿದ್ರು. ನಮ್ಮತ್ತೆ ನೋಡಿ ಗಾಬರಿಯಾಗಿ, ಎರಡನ್ನೂ ಸೇರ್ಸಿ ಹೊಲಿದ್ಬಿಟ್ರು. ಬಿಚ್ಚೋಕೆ ನಂಗೆ ಎರಡು ದಿನ ಹಿಡೀತು.”

ನಾನು ಬಚ್ಚಲಿನ ಸಮಾಚಾರ ಒಪ್ಪಿಕೊಂಡೆ. ಅವರು ಸಿಟ್ಟಾಗಲಿಲ್ಲ, ಕೈ ಚಾಚಿ ನನ್ನ ಫೋನ್ ತೆಗೆದುಕೊಂಡು ಪ್ರಕಾಶಕರಿಗೆ ತಾವೇ ವಾಯ್ಸ್ ಮೆಸೇಜ್ ಕಳಿಸಿದರು.

“ಸಾರ್, ನಾನು ಕರಿನ್. ರಗ್ಗು ಎರಡು, ಗಂಡ ಒಬ್ರೇ. ನಿಮ್ಮ ರೈಟರ್ ಬಚ್ಚಲಲ್ಲಿ ನಿಂತು ಪುಸ್ತಕ ಮುಗಿಸ್ತಿದಾರೆ, ಸ್ವಲ್ಪ ವಿಚಾರಿಸ್ಕೊಳಿ.”

ವಿಮಾನ ನಿಲ್ದಾಣದ ರೈಲಿನಲ್ಲಿ ನಿಂತಿದ್ದಾಗ ಪ್ರಕಾಶಕರ ಉತ್ತರ ಬಂತು: “ಆಯಮ್ಮ ನಿಮಗಿಂತ ಚೆನ್ನಾಗಿ ಹೇಳ್ತಾರೆ. ಅವರೇ ಬರೀಲಿ. ನೀವು ಬಂದು ಪ್ರೂಫ್ ನೋಡಿ.”

ಕರಿನ್, ಪ್ರಕಾಶಕರು ಇಬ್ಬರೂ ಇದನ್ನು ಮೊದಲೇ ಮಾತಾಡಿಕೊಂಡಿದ್ದರೇ ಎಂಬ ಅನುಮಾನ ಬೆಂಗಳೂರು ತಲುಪುವವರೆಗೂ ನನ್ನನ್ನು ನಿದ್ದೆ ಮಾಡಗೊಡಲಿಲ್ಲ.